ಬಾಗಿಲಿಗಿಂತ ದೊಡ್ಡ ಬೀರು

ನನ್ನ ಹೆಂಡತಿ ಕೆಲಸ ಕಳೆದುಕೊಂಡಾಗ ಬೀದಿಯವರೆಲ್ಲ ಬಂದು ಅವಳಿಗೆ ಸಮಾಧಾನ ಹೇಳಿದರು. ಹಾಲಿನವನು ಕೂಡ ಬಾಗಿಲಲ್ಲಿ ನಿಂತು ಲೊಚಗುಟ್ಟಿ ಹೋದ. ನನ್ನನ್ನು ಮಾತ್ರ ಒಬ್ಬರೂ ‘ನೀನು ಹೇಗಿದ್ದೀಯಪ್ಪಾ’ ಎಂದು ಕೇಳಲಿಲ್ಲ. ಅವಳು ಕಳೆದುಕೊಂಡದ್ದು ಸಂಬಳ, ನಾನು ಕಳೆದುಕೊಂಡದ್ದು ಪರಿಮಳ. ಸಂಬಳ ಹೋದರೆ ಸಾಲವಾದರೂ ಹುಟ್ಟುತ್ತದೆ. ಪರಿಮಳವನ್ನು ಯಾವ ಪುಣ್ಯಾತ್ಮ ಕೈಗಡ ಕೊಡುತ್ತಾನೆ ಹೇಳಿ?

ಬಿಡಿಸಿ ಹೇಳುತ್ತೇನೆ. ಇವಳು ಸಾಬೂನು ಕಾರ್ಖಾನೆಯಲ್ಲಿ ಸಾಬೂನಿಗೆ ಕಾಗದ ಸುತ್ತುತ್ತಿದ್ದಳು. ಮದುವೆಗೆ ಮೊದಲೇ ಹಿಡಿದ ಕೆಲಸ. ಸಂಜೆ ಅವಳು ಬೀದಿಯ ತಿರುವಿಗೆ ಬರುವಷ್ಟರಲ್ಲಿ, ಮರದ ಹೊಟ್ಟಿನಲ್ಲಿ ಹೂತು ಕೂತಿರುತ್ತಿದ್ದ ನನ್ನ ಮೂಗಿಗೆ ಸುದ್ದಿ ಮುಟ್ಟುತ್ತಿತ್ತು. (ನಾನು ಬಡಗಿ. ಶಾಲೆಯ ಮರದ ಮೆಟ್ಟಿಲು ರಿಪೇರಿ ಮಾಡಿದ್ದೇನೆಯೇ ಹೊರತು ಓದಲೆಂದು ಹತ್ತಿದವನಲ್ಲ. ಅಕ್ಷರ ನಾನೇ ಕಲಿತದ್ದು, ಮರಗೆಲಸವೂ ನಾನೇ ಕಲಿತದ್ದು. ಮೂಗೊಂದನ್ನು ಹುಟ್ಟುವಾಗಲೇ ತಂದದ್ದು.) ಎದ್ದು ಚಹಾಕ್ಕೆ ನೀರಿಡುತ್ತಿದ್ದೆ. ಅವಳು ಹೊಸ್ತಿಲು ದಾಟುವಾಗ ನೀರು ಕುದಿಯುತ್ತಿತ್ತು. ಆಮೇಲೆ ಕಾರ್ಖಾನೆಯ ಪುರಾಣ: ಯಾರು ಯಾರ ಜತೆ ಮಾತು ಬಿಟ್ಟರು, ಮೇಲ್ವಿಚಾರಕ ಯಾರ ಮೇಲೆ ಉರಿದುಬಿದ್ದ. ನಾನು ಹೂಂಗುಟ್ಟುತ್ತ ಚಹಾದ ಜತೆ ಆ ಪರಿಮಳವನ್ನೂ ಕುಡಿಯುತ್ತಿದ್ದೆ.

ಒಂದು ದಿನ ಕಾರ್ಖಾನೆಗೆ ಕಾಗದ ಸುತ್ತುವ ಯಂತ್ರ ಬಂತು. ಅದಕ್ಕೆ ಚಹಾ ಬೇಡ, ರಜೆ ಬೇಡ, ಯಾರ ಜತೆಗೂ ಜಗಳವಿಲ್ಲ. ಇವಳನ್ನು ಮನೆಗೆ ಕಳಿಸಿದರು.

ನಮ್ಮ ಮನೆಯಲ್ಲೂ ಒಂದು ಯಂತ್ರವಿತ್ತು, ಮರ ಕೊಯ್ಯುವುದು. ಸಹಕಾರ ಸಂಘದಲ್ಲಿ ಸಾಲ ಎತ್ತಿ, ಆ ಯಂತ್ರವನ್ನೇ ಅಡವಿಟ್ಟು ತಂದದ್ದು. ಯಂತ್ರ ನನ್ನದು, ಕಂತು ಅವಳದು. ನನ್ನ ದುಡಿಮೆ ಹೊಟ್ಟೆಗೂ ಬಾಡಿಗೆಗೂ ಸರಿಹೋಗುತ್ತಿತ್ತು. ಹೀಗೆ ಒಂದು ಯಂತ್ರ ಅವಳ ಅನ್ನ ಕಿತ್ತುಕೊಂಡಿತು, ಇನ್ನೊಂದು ಯಂತ್ರ ನಮ್ಮನ್ನು ತಿನ್ನಲು ಬಾಯಿ ತೆರೆದು ಕೂತಿತು.

ಕೆಲಸ ಹೋದರೂ ಇವಳ ಕೈಗೆ ಅದು ತಿಳಿದಿರಲಿಲ್ಲ. ಬೆಳಿಗ್ಗೆ ಕಾರ್ಖಾನೆಯ ಸೈರನ್ ಕೂಗಿದರೆ ಸಾಕು, ಎದ್ದು ನಿಲ್ಲುತ್ತಿದ್ದಳು. ಹೋಗುವ ಜಾಗವಿಲ್ಲವೆಂದು ನೆನಪಾಗಿ ಮತ್ತೆ ಕೂರುತ್ತಿದ್ದಳು. ಕೂತವಳ ಕೈಗೆ ಸಿಕ್ಕಿದ್ದೆಲ್ಲ ಪೊಟ್ಟಣ. ಹಳೆಯ ಪತ್ರಿಕೆಯಲ್ಲಿ ಆಲೂಗಡ್ಡೆ, ನನ್ನ ಉಳಿ, ಬಾಚಣಿಗೆ, ಒಂದು ದಿನ ಅರ್ಧ ತಿಂದ ರೊಟ್ಟಿ. ಮೂಲೆ ಮಡಚಿದ್ದು ಎಷ್ಟು ನೇರವೆಂದರೆ ನನ್ನ ಮೂಲೆಮಟ್ಟವೇ ನಾಚಬೇಕು.

“ಇವಳೇ, ನನ್ನ ಕನ್ನಡಕ ಎಲ್ಲೇ?”

“ಕಿಟಕಿ ಮೇಲೆ ಪೊಟ್ಟಣ ಇದೆ ನೋಡ್ರೀ.”

“ಇದರಲ್ಲಿ ಈರುಳ್ಳಿ ಇದೆ!”

“ಅಯ್ಯೋ, ಹಾಗಾದ್ರೆ ನಾನು ಹೆಚ್ಚೋಕೆ ತಗೊಂಡಿದ್ದು ಕನ್ನಡಕ. ಕೂಗಾಡ್ಬೇಡಿ, ಇನ್ನೂ ಚಾಕು ಮುಟ್ಟಿಸಿಲ್ಲ.”

ನಗುತ್ತಿದ್ದಳು. ಆದರೆ ಚಹಾದ ಹೊತ್ತಿಗೆ ಹೇಳಲು ಕಥೆಯಿರುತ್ತಿರಲಿಲ್ಲ. ಇಬ್ಬರೂ ಲೋಟ ಹಿಡಿದು ಬೀದಿಯ ತಿರುವನ್ನು ನೋಡುತ್ತ ಕೂರುತ್ತಿದ್ದೆವು. ಅವಳು ಪಕ್ಕದಲ್ಲೇ ಇದ್ದಳು ನಿಜ. ಆದರೂ ನನ್ನ ಕಿವಿ ಅವಳ ಹೆಜ್ಜೆ ಸಪ್ಪಳಕ್ಕೆ ಕಾಯುತ್ತಿತ್ತು. ಮನೆಯಲ್ಲೇ ಇರುವ ಹೆಂಡತಿ ಮನೆಗೆ ಬರಲಿ ಎಂದು ಹಂಬಲಿಸುವವನಿಗೆ ಏನೆನ್ನಬೇಕೋ ನನಗೆ ತಿಳಿಯದು.

ಆ ಪರಿಮಳ ಉಳಿದದ್ದು ಒಂದೇ ಕಡೆ, ನಮ್ಮ ಮಲಗುವ ಕೋಣೆಯ ಬೀರುವಿನಲ್ಲಿ. ಅದು ಅಂತಿಂಥ ಬೀರುವಲ್ಲ. ಮದುವೆಯಾದ ಹೊಸತರಲ್ಲಿ ಮಾಡಿದ್ದು. ಅಪ್ಪಟ ತೇಗ, ಒಂದು ಮೊಳೆ ಹೊಡೆದಿಲ್ಲ, ಬರೀ ಗೂಟದ ಜೋಡಣೆ. ಬ್ರಹ್ಮ ಬಂದರೂ ಬಿಚ್ಚಲಾರ. ಹೊರಗೆ ಕೂತು ಮಾಡಬಹುದಿತ್ತು. ಆದರೆ ನನ್ನ ಕೈಚಳಕವನ್ನು ಇವಳು ನೋಡಬೇಕಲ್ಲ! ಕೋಣೆಯೊಳಗೇ ಕಟ್ಟಿದೆ. ಇವಳು ಮಂಚದ ಮೇಲೆ ಕೂತು ಒಂದೊಂದೇ ಗೂಟ ಎತ್ತಿಕೊಡುತ್ತಿದ್ದಳು. ಆಮೇಲೆ ಕಾರ್ಖಾನೆಯಲ್ಲಿ ಅಂಕುಡೊಂಕಾದ ಸಾಬೂನನ್ನು ಕೆಲಸದವರಿಗೆ ಕೊಟ್ಟಾಗಲೆಲ್ಲ ತಂದು ಬಟ್ಟೆಗಳ ನಡುವೆ ಇಟ್ಟಳು. ಈಚೆಗೆ ಆ ಸಾಬೂನನ್ನೆಲ್ಲ ತೆಗೆದು ಬಟ್ಟೆ ಒಗೆದು ಮುಗಿಸಿದ್ದಳು. (ಸಾಲದ ಮನೆಯಲ್ಲಿ ಪರಿಮಳವೂ ಖರ್ಚಿನ ಬಾಬತ್ತು.) ಮರ ಮಾತ್ರ ತಾನು ಕುಡಿದದ್ದನ್ನು ಬಿಟ್ಟುಕೊಟ್ಟಿರಲಿಲ್ಲ. ಇವಳು ನೀರಿಗೆ ಹೋದಾಗ ನಾನು ಬೀರು ತೆರೆದು ತಲೆ ಒಳಗಿಟ್ಟು ನಿಲ್ಲುತ್ತಿದ್ದೆ.

ಅದೇ ಸಾಬೂನು ಅಂಗಡಿಯಲ್ಲಿ ಸಿಗುವುದಿಲ್ಲವೇ ಎನ್ನಬೇಡಿ. ತಂದು ಮೂಸಿದ್ದೇನೆ. ಅದು ಸಾಬೂನಿನ ವಾಸನೆ. ನನಗೆ ಬೇಕಾದದ್ದು ಇವಳು ಮನೆಗೆ ಬರುವ ವಾಸನೆ.

ಅಷ್ಟರಲ್ಲಿ ಸಂಘದಿಂದ ಹೇಳಿಕಳಿಸಿದರು: ತಿಂಗಳ ಕೊನೆಯೊಳಗೆ ಬಾಕಿ ಕಂತು ಕಟ್ಟದಿದ್ದರೆ ಯಂತ್ರ ಎತ್ತಿಕೊಂಡು ಹೋಗುತ್ತಾರೆ. ಯಂತ್ರ ಹೋದರೆ ಇರುವ ಒಂದು ದುಡಿಮೆಯೂ ಹೋದಂತೆ.

ಆ ಸಮಯಕ್ಕೆ ಸರಿಯಾಗಿ ಬಂದವರು ಅಳತೆಯಮ್ಮ. ಪೇಟೆಯಲ್ಲಿ ಹಾಸಿಗೆ ಹೊದಿಕೆಗಳ ಅಂಗಡಿ ಇಟ್ಟವರು. ಅಳತೆಯ ಟೇಪು ಸದಾ ಕೊರಳಲ್ಲಿರುವುದರಿಂದ ಆ ಹೆಸರು. ಸರಕು ಇಡಲು ಒಂದು ದೊಡ್ಡ ಬೀರು ಬೇಕೆಂದರು, ಅದೂ ಕೂಡಲೇ. ನಾನು ತೆಪ್ಪಗೆ ಮುಂಗಡ ಕೇಳುವುದು ಬಿಟ್ಟು, ನನ್ನ ಕೆಲಸ ಎಂಥದ್ದೆಂದು ತೋರಿಸುವ ಹುಮ್ಮಸ್ಸಿನಲ್ಲಿ ಅವರನ್ನು ಕೋಣೆಗೆ ಕರೆದೊಯ್ದೆ. ಅವರು ಬೀರು ತಟ್ಟಿದರು, ಬಾಗಿಲು ಎಳೆದರು, ಮೂಗರಳಿಸಿದರು.

“ಮೇಸ್ತ್ರಿಗಳೇ, ಹೊಸದು ಯಾಕೆ? ಇದನ್ನೇ ಕೊಡಿ. ಇಂಥ ಕೆಲಸ ನಾನು ಎಲ್ಲೂ ನೋಡಿಲ್ಲ.”

ಕೊನೆಯ ಮಾತೊಂದು ಇಲ್ಲದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಹೊಗಳಿಕೆಗೆ ನನ್ನ ನಾಲಿಗೆ ಹೂಂ ಎಂದುಬಿಟ್ಟಿತು. ಹಣ ಅಲ್ಲೇ ಕೈಗೆ ಬಿತ್ತು, ಮಧ್ಯಾಹ್ನದೊಳಗೆ ಸಂಘದ ಹೊಟ್ಟೆಗೆ ಸೇರಿತು. ಯಂತ್ರ ಉಳಿಯಿತು.

ಬೀರು ಸಾಗಿಸುವ ದಿನ ಅಳತೆಯಮ್ಮ ಬಂದರು, ಎತ್ತಿಕೊಡಲು ಭಾವಮೈದ ಬಂದ. ಲಾರಿಗೆ ಮೂಟೆ ಹೇರುವವನು, ಎತ್ತಿನಂಥ ಆಳು. ಬೀರುವನ್ನು ಬಾಗಿಲವರೆಗೆ ದಬ್ಬಿದ. ಅಡ್ಡ ಮಾಡಿದ, ಉದ್ದ ಮಾಡಿದ, ಓರೆ ಮಾಡಿದ. ಕೊನೆಗೆ ಬೆವರು ಒರೆಸಿಕೊಂಡು ಕೇಳಿದ:

“ಭಾವ, ಇದನ್ನ ಒಳಗೆ ಹೆಂಗೆ ತಂದ್ರಿ?”

“ತರಲಿಲ್ಲ ಕಣೋ. ಒಳಗೇ ಕಟ್ಟಿದೆ.”

“ಹೊರಗೆ ಹೋಗೋದು ಹೆಂಗೆ ಅಂತ ಯೋಚನೆ ಮಾಡ್ಲಿಲ್ವಾ?”

“ಹೊರಗೆ ಹೋಗಲಿ ಅಂತ ಯಾರೋ ಕಟ್ಟಿದ್ದು?”

“ಅಕ್ಕಾ, ನಿನ್ನ ಗಂಡನ್ನ ಮೊದಲು ಅಳತೆ ಮಾಡ್ಬೇಕಿತ್ತು,” ಎಂದು ಅವನು ನೆಲದ ಮೇಲೆ ಕೂತುಬಿಟ್ಟ.

ಅಳತೆಯಮ್ಮ ಟೇಪು ಬಿಚ್ಚಿ ಬಾಗಿಲು ಅಳೆದರು, ಬೀರು ಅಳೆದರು, ಕೊನೆಗೆ ನನ್ನನ್ನು ಕಣ್ಣಲ್ಲೇ ಅಳೆದರು. “ಗೋಡೆ ಒಡೀತೀರೋ, ದುಡ್ಡು ವಾಪಸ್ ಕೊಡ್ತೀರೋ?”

ಗೋಡೆ ಮನೆ ಮಾಲೀಕನದು, ದುಡ್ಡು ಈಗ ಸಂಘದ್ದು. ನನ್ನದೆಂದು ಉಳಿದದ್ದು ಗರಗಸ ಒಂದೇ. ಅದನ್ನೇ ತಂದೆ. ನಡುವೆ ಸೀಳಿ ಎರಡು ಮಾಡಿದರೆ ಹೊರಗೆ ಹೋಗುತ್ತದೆ, ಅಂಗಡಿಯಲ್ಲಿ ಮತ್ತೆ ಜೋಡಿಸಿಕೊಡುತ್ತೇನೆ ಎಂದೆ. ಗರಗಸದ ಹಲ್ಲು ಮರಕ್ಕೆ ಆನಿಸಿದೆ. ಎಳೆಯಲಾಗಲಿಲ್ಲ.  ತಿರುಗಿ ನೋಡಿದರೆ ಇವಳು ಮಂಚದ ಮೇಲೆ, ಹಿಂದೆ ಗೂಟ ಎತ್ತಿಕೊಡುತ್ತಿದ್ದ ಅದೇ ಜಾಗದಲ್ಲಿ ಕೂತಿದ್ದಳು.

“ಕುಯ್ಯಬೇಡ್ರೀ,” ಎಂದಳು, ಮೆಲ್ಲಗೆ.

ಹಾಗೆನ್ನುತ್ತಲೇ ಅವಳ ಕೈ ತನ್ನ ಪಾಡಿಗೆ ಓಡುತ್ತಿತ್ತು. ಅಳತೆಯಮ್ಮ ಬೀರುವಿನ ಅರೆಗಳಿಗೆ ಸರಿಹೊಂದುತ್ತವೆಯೇ ನೋಡಲೆಂದು ತಂದು ಮಂಚದ ಮೇಲೆ ಹರವಿದ್ದ ಹೊದಿಕೆಗಳೆಲ್ಲ ಅಷ್ಟರಲ್ಲಿ ಸಾಲಾಗಿ ಪೊಟ್ಟಣಗಳಾಗಿ ಕೂತಿದ್ದವು, ಅಂಚು ಕತ್ತರಿಸಿಟ್ಟಂತೆ. ಅಳತೆಯಮ್ಮ ಒಂದನ್ನೆತ್ತಿ ಮೂಲೆ ನೋಡಿದರು. ಟೇಪು ಹಿಡಿದು ಅಳೆದರು ಕೂಡ.

“ಇದನ್ನ ಯಾರು ಕಲಿಸಿದ್ದಮ್ಮಾ ನಿನಗೆ?”

“ಸಾಬೂನು,” ಎಂದಳು ಇವಳು.

ಅಳತೆಯಮ್ಮನ ತೀರ್ಪು ನಿಂತ ನಿಲುವಿನಲ್ಲೇ ಆಯಿತು. ಅಂಗಡಿಯಲ್ಲಿ ಹೇಗೂ ಜಾಗ ಇಕ್ಕಟ್ಟು. ಬೀರು ಇದ್ದಲ್ಲೇ ಇರಲಿ, ಸರಕು ಇಲ್ಲಿಗೇ ಬರಲಿ. ಕೀಲಿಕೈ ಇವಳ ಬಳಿ. ಹಗಲು ಇವಳು ಅಂಗಡಿಗೆ ಬಂದು ಹೊದಿಕೆ ಕಟ್ಟಲಿ, ಸಂಬಳ ತಿಂಗಳ ಮೊದಲ ದಿನ. ಬೀರು ಒಯ್ಯಲು ಬಂದವರು ಬೀರು ಬಿಟ್ಟು ನನ್ನ ಹೆಂಡತಿಯನ್ನು ಕರೆದುಕೊಂಡು ಹೋದರು! ಭಾವಮೈದನಿಗೆ ಕೂಲಿ ಕೊಡುವುದು ತಪ್ಪಿತು, ಅದೊಂದು ಲಾಭ.

ಈಗ ಕಂತು ಸರಿಯಾಗಿ ಹೋಗುತ್ತಿದೆ. ಇವಳು ಸೈರನ್‌ಗೆ ಎದ್ದರೆ ಮತ್ತೆ ಕೂರುವುದಿಲ್ಲ, ಚಪ್ಪಲಿ ಮೆಟ್ಟಿ ಹೊರಡುತ್ತಾಳೆ. ಸಂಜೆ ಚಹಾಕ್ಕೆ ಅಂಗಡಿಯ ಪುರಾಣ ತರುತ್ತಾಳೆ. ಬೀದಿಯ ತಿರುವಿನಿಂದ ಈಗ ಬರುವುದು ಹೊಸ ಬಟ್ಟೆಯ ಗಂಜಿ ವಾಸನೆ. ನನ್ನ ಮೂಗು ಅದನ್ನು ಇನ್ನೂ ಹೆಂಡತಿ ಎಂದು ಒಪ್ಪಿಲ್ಲ. ಬೀರುವಿಗೆ ಬೀಗ. ನನ್ನ ಅಂಗಿಗಳು ಗೋಡೆಯ ಮೊಳೆಯ ಮೇಲೆ. (ಮೊಳೆ ಮುಟ್ಟದವನೆಂದು ಜಂಬ ಕೊಚ್ಚಿದವನಿಗೆ ಈ ಗತಿ.) ಒಂದು ಮಧ್ಯಾಹ್ನ ಬೀಗದ ತೂತಿಗೆ ಮೂಗು ಹಚ್ಚಿ ಮಂಡಿಯೂರಿ ಕೂತಿದ್ದೆ. ಇವಳು ಸರಕಿಗೆಂದು ಬಂದವಳು ಹಿಂದೆ ನಿಂತಿದ್ದಳು.

“ಏನ್ರೀ ಅದು?”

“ಗೆದ್ದಲು ಹಿಡಿದಿದೆಯಾ ಅಂತ ನೋಡ್ತಿದ್ದೆ.”

“ಮೂಗಿನಲ್ಲಿ ನೋಡ್ತೀರಾ?”

ನಾನು ಮಂಡಿ ಕೊಡವಿಕೊಂಡು ಎದ್ದೆ. ಅವಳು ಬೀಗ ತೆಗೆದು ಸರಕು ಎತ್ತಿಕೊಂಡು ಹೋದಳು.

ಮರುದಿನ ಹೊರಡುವಾಗ ನನ್ನ ಕೈಗೊಂದು ಪೊಟ್ಟಣ ಇಟ್ಟಳು. ಬಿಚ್ಚಿದರೆ ನನ್ನದೇ ಹಳೆಯ ಅಂಗಿ, ಮಡಿಕೆ ಮಾಡಿದ್ದು.

“ರಾತ್ರಿಯೆಲ್ಲ ಒಳಗಿಟ್ಟಿದ್ದೆ. ಅಳತೆಯಮ್ಮನಿಗೆ ಹೇಳ್ಬೇಡಿ, ಬಾಡಿಗೆ ಕೇಳ್ತಾರೆ,” ಎಂದು ಬೀದಿಯ ತಿರುವಿನಲ್ಲಿ ಮರೆಯಾದಳು.

ಆವತ್ತು ತೊಟ್ಟ ಅಂಗಿ, ಇನ್ನೂ ಒಗೆಯಲು ಕೊಟ್ಟಿಲ್ಲ. ಮರ ಕೊಯ್ಯಿಸಲು ಬಂದವರು ದೂರವೇ ನಿಂತು ಮಾತಾಡುತ್ತಾರೆ, ಭಾವಮೈದ ಮೂಗು ಮುಚ್ಚಿಕೊಳ್ಳುತ್ತಾನೆ. ಇವರಿಗೆಲ್ಲ ಏನಾಗಿದೆಯೋ! ನನಗಂತೂ ಸಾಬೂನಿನ ಪರಿಮಳವೇ ಬರುತ್ತಿದೆ.