ಉಪದೇಶಿ ಅಣ್ಣ ಬಾಯಿ ಮುಚ್ಚಿದ ಐತವಾರ

ನಮ್ಮಣ್ಣನ್ನ ತಡಕೊಳ್ಳೋ ತಾಕತ್ತು ದೇವರೊಬ್ಬನಿಗೇ ಇತ್ತು. ಅದೂ ಅಂವ ಅಷ್ಟು ಮ್ಯಾಲ ಇರೋದಕ್ಕ! ಕೆಳಗ, ಒಂದೇ ತಾಯಿ ಹೊಟ್ಟ್ಯಾಗ ಹುಟ್ಟಿದ ನಾನು ಏನು ಮಾಡಬೇಕಿತ್ತು ಹೇಳ್ರಿ? ನಾಕನೇತ್ತ ತನಕ ಸಾಲಿ ಕಂಡಾಕಿ ನಾನು, ಸುತ್ತಿ ಬಳಸಿ ಹೇಳಾಕ ಬರಂಗಿಲ್ಲ. ಅಣ್ಣನಿಂದ ಮಂದಿ ಮುಂದ ನಾಚಿಕೊಂಡಷ್ಟು ನಾನು ಮದಿಮಗಳಾಗಿ ಕುಂತಾಗೂ ನಾಚಿಕೊಂಡಿಲ್ಲ. ಒಂದು ಸಲ ಅಂತೂ ಅವನ ಬಾಯಿಂದ ನನ್ನ ಮಗಳ ಓದೇ ಮುಳುಗಿ ಹೋಗಾಕಿತ್ತು.

ನನ್ನ ತವರೂರು ಮಾನ್ವಿಯಾಗ ಅಂವ ಉಪದೇಶಿ. ಅಂದ್ರ ಫಾದರ್ ಹಳ್ಳಿ ಹಳ್ಳಿ ತಿರುಗಾಕ ಹೋದಾಗ ಚರ್ಚಿನಾಗ ಜಪ ಹೇಳಿಸೋನು, ಪ್ರಬೋಧನೆ ಮಾಡೋನು. ಒಂದು ಐತವಾರ ಫಾದರ್ ಅಂದ್ರು: “ವಿಶ್ವಾಸ, ಭರವಸೆ, ಪಾವಿತ್ರ್ಯ ಅನ್ನೋವು ಚರ್ಚಿನಾಗ ಇಟ್ಟು ಬರೋ ಪುಸ್ತಕ ಅಲ್ಲ. ಬಜಾರಕ್ಕೂ ತಗೊಂಡು ಹೋಗ್ರಿ.” ನಾವೆಲ್ಲ ಹೂಂ ಅಂದು ಮನಿಗಿ ಹೋಗಿ ರೊಟ್ಟಿ ತಿಂದ್ವಿ. ಇಂವ ಒಬ್ಬ ಖರೇನೇ ಬಜಾರಕ್ಕ ತಗೊಂಡು ಹೋದ!

ಒಂದು ಸಲ ನಾನು ಮಾನ್ವಿಯಿಂದ ರಾಯಚೂರಿಗಿ ಹೊಂಟಿದ್ದೆ. ಬಸ್ಸು ಬಂದ ಕೂಡಲೇ ಎಲ್ಲಾರೂ ಮಾಡ್ದಂಗ ಕಿಟಕ್ಯಾಗಿಂದ ಟವೆಲ್ ಒಗದು ಸೀಟು ಹಿಡದೆ. ಟವೆಲ್ ಯಾರದಂತ ಗೊತ್ತಾಗಿದ್ದೇ ತಡ, ನಮ್ಮಣ್ಣ ಒಳಗ ಹತ್ತಿ, ಅದನ್ನ ಝಂಡಾದಂಗ ಎತ್ತಿ ಹಿಡದ.

“ಕೇಳ್ರೆಪ್ಪಾ! ಇದು ನನ್ನ ತಂಗಿ ಟವೆಲ್. ಈಕಿ ಇನ್ನಾ ಕೆಳಗ ನಿಂತಾಳ, ಈಕಿ ಪಾಪ ಆಗಲೇ ಸೀಟಿನ ಮ್ಯಾಲ ಕುಂತದ!”

ಬಸ್ಸಿಗಿ ಬಸ್ಸೇ ನಕ್ಕಿತು. ನನ್ನ ಸೀಟಿನ್ಯಾಗ ಒಬ್ಬ ಮುದುಕನ್ನ ಕುಂದ್ರಿಸಿದ. ನಾನು ಕಂಬ ಹಿಡಕೊಂಡು ರಾಯಚೂರು ತನಕ ನಿಂತೆ. ಮುದುಕ ಕಲ್ಲೂರು ದಾಟೂದ್ರಾಗ ಗೊರಕಿ ಹೊಡ್ಯಾಕತ್ತಿದ್ದ. ಪಾವಿತ್ರ್ಯ ಅವನದಾತು, ಮೊಣಕಾಲು ನೋವು ನಂದಾತು!

ನಳದ ಮುಂದ ಇನ್ನೊಂದು ಆಟ. ನೀರು ಬಿಡೋ ಹೊತ್ತಿಗಿ ಅಂವ ಅಲ್ಲಿ ನಿಂತು ಭರವಸೆ ಮ್ಯಾಲ ಪ್ರಬೋಧನೆ ಸುರು ಮಾಡ್ತಿದ್ದ. ನಮ್ಮ ಓಣಿ ಒಬ್ಬಾಕಿ ಅಂದ್ಲು, “ಯಪ್ಪಾ ಉಪದೇಶಿ, ಭರವಸಿ ನಮ್ಮನ್ಯಾಗ ಗಡಿಗಿ ತುಂಬ ಅದ. ನೀರ ಇಲ್ಲ!” ಅದಕ್ಕ ಇಂವ ಏನು ಮಾಡಿದ ಅಂತೀರಿ? “ಹೇಳೋನ ಮನಿಯವರು ಹಿಂದ ನಿಲ್ಲಬೇಕು” ಅಂತ, ತವರಿಗಿ ಬಂದಿದ್ದ ನನ್ನ ಕೊಡಾನ ಎತ್ತಿ ಸಾಲಿನ ಕಡೀಕಿಟ್ಟ. ನನ್ನ ಪಾಳಿ ಬಂದಾಗ ನಳ ಸುಂಯ್ ಅಂದು ಸುಮ್ಮನಾತು.

ಎಮರ್ಜೆನ್ಸಿ ಮುಗದು ಎಲೆಕ್ಷನ್ ಬಂದಾಗ ಕೇರಿಗಿ ಒಂದು ಜೀಪು ಸೇಂದಿ ತಂತು. ಇಂವ ಅದರ ಮುಂದ ನಿಂತು, “ವೋಟು ದೇವರು ಕೊಟ್ಟದ್ದು, ಸೇಂದಿಗಿ ಮಾರಬ್ಯಾಡ್ರಿ” ಅಂತ ಅರ್ಧ ತಾಸು ಹೇಳಿದ. ಬೇಸತ್ತು ಜೀಪು ಬ್ಯಾರೆ ಕೇರಿಗಿ ಹೋತು. ನಮ್ಮ ಕೇರಿ ಗಂಡಸರು ಒಂದು ತಿಂಗಳು ಇವನ ಕೂಡ ಮಾತು ಬಿಟ್ರು!

ಇದೆಲ್ಲ ನಗೋ ಮಾತು. ಈಗ ಹೇಳೋದು ಅಲ್ಲ.

ನನ್ನನ್ನ ಕೊಟ್ಟಿದ್ದು ದೇವದುರ್ಗಕ್ಕ. ಮಗಳು ಏಳನೇತ್ತ ಪಾಸಾದ್ಲು. ಮುಂದ ಓದಬೇಕಂದ್ರ ರಾಯಚೂರಿನ ಸರ್ಕಾರಿ ಹಾಸ್ಟೆಲ್ಲೇ ಗತಿ. ಅದಕ್ಕ ಜಾತಿ ಸರ್ಟಿಫಿಕೇಟು ಬೇಕು. ಕಾಗದದಾಗ ಕ್ರೈಸ್ತ ಅಂತ ಬಿದ್ರ ನಮ್ಮ ಕೇರಿಯವರಿಗಿ ಸಿಗೋ ಸೀಟು ಹೋಗ್ತಿತ್ತು. ನಮ್ಮ ದೇವರು ಬದಲಾಗಿದ್ದ, ಖರೇ. ಆದ್ರ ಕೇರಿ ಬದಲಾಗಿರಲಿಲ್ಲ, ಬಾವಿ ಬದಲಾಗಿರಲಿಲ್ಲ, ಹೋಟೆಲಿನಾಗ ನಮಗ ಬ್ಯಾರೆ ಇಡೋ ಕಪ್ಪು ಬದಲಾಗಿರಲಿಲ್ಲ! ಅದಕ್ಕ ನಾವೆಲ್ಲಾರೂ ಎರಡೆರಡು ಹೆಸರು ಇಟ್ಟಿದ್ವಿ. ಜ್ಞಾನಸ್ನಾನದಾಗ ನನ್ನ ಮಗಳು ತೆರೇಸಾ, ಸಾಲಿ ದಾಖಲ್ಯಾಗ ಯಲ್ಲಮ್ಮ. ನಮ್ಮಣ್ಣ ಒಬ್ಬನೇ ಇದನ್ನ ಒಪ್ಪಿರಲಿಲ್ಲ. “ದೇವರ ಮುಂದ ಒಂದು, ಸರ್ಕಾರದ ಮುಂದ ಒಂದು ಮಾರಿ ಏನು?” ಅಂತಿದ್ದ.

ಮಗಳನ್ನ ಕರಕೊಂಡು ದೇವದುರ್ಗದ ತಾಲೂಕು ಕಚೇರಿಗಿ ಹೋದೆ. ಕಾರಕೂನರು ಹೆಸರು ಬರಕೊಂಡು, ಇನ್ನೇನು ಠಸ್ಸೆ ಒತ್ತಬೇಕು, ಹೊರಗಿನ ಪಡಸಾಲ್ಯಾಗ ಗುರುತಿನ ದನಿ ಕೇಳ್ತು. “ಕಚೇರಿನೂ ದೇವರ ಮನಿನೇ ರೀ! ಇಲ್ಲಿ ಸುಳ್ಳು ಹೇಳಬಾರದು!” ಯಾರದೋ ಅರ್ಜಿ ಕೆಲಸಕ್ಕ ಅಣ್ಣ ಅವತ್ತೇ ಮಾನ್ವಿಯಿಂದ ಬಂದಿದ್ದ! ಅಷ್ಟ್ರಾಗ ಕಿಟಕ್ಯಾಗ ಹಣಿಕಿ ಹಾಕಿದ.

“ಏ ತಂಗೀ! ತೆರೇಸಾನ್ನೂ ಕರಕೊಂಡು ಬಂದೀಯೇನು?”

ಕಾರಕೂನರು ತಲಿ ಎತ್ತಿದ್ರು. “ಏನಮ್ಮಾ, ಹುಡುಗಿ ಹೆಸರು ಯಲ್ಲಮ್ಮ ಅಂದಿ. ಯಾರಿಂವ?”

“ಯಾರೋ ಏನೋ ಸಾಹೇಬ್ರ” ಅಂದೆ. “ತಲಿ ಸರಿ ಇಲ್ಲದವ ಇದ್ದಂಗ ಅದಾನ.”

ಹೌದು, ನಾನೇ ಅಂದೆ. ಇದೇ ಬಾಯಿಲೆ.

ಕಾರಕೂನರು ಅವನ ಕಡೆ ತಿರುಗಿದ್ರು. “ಏ ಹಿರಿಯಾ, ಈ ಹೆಣ್ಮಗಳು ನಿನಗೇನಾಗಬೇಕು?”

ನಾನು ಮುಗೀತು ಅನಕೊಂಡೆ. ಟವೆಲ್ಲಿಗಿ ಸುಳ್ಳು ಹೇಳದವ ಇದಕ್ಕ ಹೇಳ್ತಾನ? ಅಣ್ಣ ನನ್ನ ಮಾರಿ ನೋಡಲಿಲ್ಲ. ಅರ್ಜಿ ಎರಡೂ ಕೈಲೆ ಹಿಡಕೊಂಡು ನೆಲ ನೋಡಾಕತ್ತಿದ್ದ ಹುಡುಗೀನ್ನ ನೋಡಿದ. ಕೊಳ್ಳಾಗಿನ ಶಿಲುಬಿನ ಮೆಲ್ಲಕ ಅಂಗಿ ಒಳಗ ಹಾಕ್ಕೊಂಡ.

“ಏನೂ ಆಗಬೇಕಾಗಿಲ್ಲರಿ. ನನ್ನ ತಂಗಿ ಅನಕೊಂಡೆ. ಕಣ್ಣು ಮಂಜಾಗ್ಯಾವ.”

ಅಂದು ಹೋಗಿಬಿಟ್ಟ. ಠಸ್ಸೆ ಧಪ್ ಅಂತ ಬಿತ್ತು.

ಮಗಳನ್ನ ರಾಯಚೂರಿಗಿ ಬಿಡಾಕ ಹೋಗೋಕ್ಕಿಂತ ಮೊದಲಿನ ಐತವಾರ ಮಾನ್ವಿಗಿ ಹೋದ್ವಿ. ಪೂಜಿ ನಡುವ ಫಾದರ್ ಅವನನ್ನ ಎರಡು ಮಾತು ಹೇಳಾಕ ಕರದ್ರು. ಅಂವ ಕಡೀ ಸಾಲಿನ್ಯಾಗ ಕುಂತಿದ್ದ, ಕುಡದು ಬರೋರು ನಿಲ್ಲೋ ಬಾಗಲ ಹಂತ್ಯಾಕ. ಎದ್ದು ನಿಂತ, “ಇವತ್ತು ನನಗ ಬಾಯಿಲ್ಲರಿ” ಅಂದು ಕುಂತ. ಪೂಜಿ ಜಲ್ದಿ ಮುಗೀತದಂತ ಮಂದಿ ದೇವರಿಗಿ ಸ್ತೋತ್ರ ಹೇಳಿದ್ರು!

ಪಾಪ ಹೊತ್ತವರು ಪ್ರಸಾದ ತಗೋಬಾರದು ಅಂತ ನಮ್ಮಾಗ ಅದ. ಪ್ರಸಾದದ ಸಾಲಿಗಿ ಎಲ್ಲಾರೂ ಎದ್ರು. ನಾನೂ ಎದ್ದೆ. ನನ್ನ ಸಲುವಾಗಿ ಸುಳ್ಳು ಹೇಳಿದವ ಏಳಲಿಲ್ಲ. ಮೊದಲು ಸುಳ್ಳು ಹೇಳಿದ ನಾನು ನಾಲಿಗಿ ಚಾಚಿ ಪ್ರಸಾದ ತಗೊಂಡೆ.

ಪೂಜಿ ಮುಗದ ಮ್ಯಾಲ ಅಂವ ಬಾಗಲದಾಗ ನಿಂತಿದ್ದ. “ಯಲ್ಲಮ್ಮಾ” ಅಂತ ಕರದ. ನನ್ನ ಮಗಳು ಯಾರನ್ನ ಕರೀತಾನಂತ ಹಿಂದ ತಿರುಗಿ ನೋಡಿದ್ಲು.

“ನಿನಗ ಬೇ. ಅಲ್ಲಿ ಹಾಜರಿ ಕರದಾಗ ಹಿಂಗ ಮಿಕಿಮಿಕಿ ನೋಡಿದ್ರ ಹೆಂಗ? ಕರೀತೀನಿ, ತಟ್ಟನ ಓ ಅನ್ನು.”

ಚರ್ಚಿನ ಮುಂದ, ಅಷ್ಟೂ ಮಂದಿ ಎದುರಿಗಿ, ನಾಕು ಸಲ ಕರದ. ನಾಕನೇ ಸಲಕ್ಕ ಹುಡುಗಿ ತಡವರಿಸದ ಓ ಅಂದ್ಲು.

ನಾನು ಸೆರಗು ಹಲ್ಲಾಗ ಹಿಡಕೊಂಡು ಬದೀಲೇ ನಿಂತಿದ್ದೆ. ಅಣ್ಣಾ ಅಂತ ಒಂದೇ ಒಂದು ಸಲ ಕರಿಯಾಕ ನನಗ ಬಾಯಿ ಬರಲಿಲ್ಲ.