ಹುಗ್ಗಿ ಉಂಡ ಮೇಲೆ ಬಂದ ನಾಯಿ

ಹಂದಿಗಳು ಹಿತ್ತಲಿನ ಮೆಂತ್ಯದ ಮಡಿಯನ್ನು ಮತ್ತೊಮ್ಮೆ ಉತ್ತು ಹಾಕಿದ ಬೆಳಿಗ್ಗೆ ಶಾಂಭವಿ ಗಂಡನಿಗೆ ಕಡ್ಡಿ ಮುರಿದಂತೆ ಹೇಳಿದಳು: “ಒಂದು ನಾಯಿ ತರ್ರಿ. ಇಲ್ಲಾಂದ್ರ ಹಿತ್ತಲದಾಗ ನೀವ ಕುಂತು ಬೊಗಳ್ರಿ.”

ಸುಭಾಸನಿಗೆ ನಾಯಿಯೆಂದರೆ ಭಯ. ಮೊರಬದ ಈರಬಸಪ್ಪನ ಬೀಜ-ಗೊಬ್ಬರದ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಅವನು, ದಾರಿಯಲ್ಲಿ ನಾಯಿ ಎದುರಾದರೆ ಅದರ ಹಲ್ಲನ್ನಷ್ಟೇ ನೋಡಿ ಓಣಿ ಬದಲಿಸುತ್ತಿದ್ದ. ಮರಿ ತಂದರೆ ಕಚ್ಚುತ್ತದೆ, ಚಪ್ಪಲಿ ಹರಿಯುತ್ತದೆ, ಅದರ ಹಿಂದೆ ಓಡಬೇಕು. ಹುಬ್ಬಳ್ಳಿಯಲ್ಲಿ ದಿಕ್ಕಿಲ್ಲದ ಪ್ರಾಣಿಗಳನ್ನು ಸಾಕುವ ಕೇಂದ್ರವೊಂದಿದೆ, ಅಲ್ಲಿರುವ ವಯಸ್ಸಾದ ನಾಯಿಗಳನ್ನು ಯಾರೂ ಒಯ್ಯುವುದಿಲ್ಲ ಎಂದು ಮೊಬೈಲಿನಲ್ಲಿ ನೋಡಿದಾಗ ಅವನ ಮುಖ ಅರಳಿತು. ಅರ್ಧ ಹಲ್ಲು ಬಿದ್ದ, ಓಡಲು ಮನಸ್ಸಿಲ್ಲದ ನಾಯಿ! ದೇವರು ತನಗಾಗಿಯೇ ತೆಗೆದಿಟ್ಟಂತಿದೆ.

ಭಾನುವಾರ ಹೋಗಿ, ಮೈತುಂಬ ಕಂದು ಕೂದಲಿನ, ದಣಿದ ಕಣ್ಣಿನ ಒಂದು ನಾಯಿಯನ್ನು ಬಾಡಿಗೆ ಆಟೋದಲ್ಲಿ ಹಾಕಿಕೊಂಡು ಹೊರಟ. ಹಾದಿಯಲ್ಲಿ ಅದು ಅವನ ತೊಡೆಯ ಮೇಲೆ ಗದ್ದವಿಟ್ಟಿತು. ಸುಭಾಸ ಮೊದಲು ಕಲ್ಲಾದ. ಮೊರಬ ಬರುವಷ್ಟರಲ್ಲಿ ಅವನ ಬೆರಳುಗಳು ಅದರ ಕಿವಿಯ ಹಿಂದೆ ಕೆರೆಯುತ್ತಿದ್ದವು.

ಬಸ್ ಸ್ಟ್ಯಾಂಡಿನಲ್ಲಿ ಇಳಿದದ್ದೇ ತಡ, ಚಹಾದಂಗಡಿಯ ಶಾಕೀರನ ಕೈಯಿಂದ ಕಿಟ್ಲಿ ಜಾರಿ ಬಿತ್ತು.

“ಯಾ ಅಲ್ಲಾ! ಸುಭಾಸಣ್ಣಾ, ಇದು ರಾಜಾ ಅಲ್ಲೇನು?”

“ಯಾವ ರಾಜಾ?”

“ನಿಮ್ಮ ಸಾವಕಾರ್ರ ನಾಯಿ! ಹೋದ ತಿಂಗಳ ಸತ್ತಿತ್ತಲ್ಲ! ಮಣ್ಣಿಗೆ ನಾನ ಹೋಗಿದ್ನೆಲ್ಲೋ!”

ರಾಜಾ ಎಂದರೆ ಈರಬಸಪ್ಪನ ತಾಯಿ ಮಲ್ಲಕ್ಕನ ಪ್ರಾಣ. ಅದು ಸತ್ತಿತೆಂದು ಈರಬಸಪ್ಪ ಬಾಯಿ ಹೊಲಿದ ಚೀಲದಲ್ಲಿಟ್ಟು, ಬಿಲ್ವಪತ್ರಿ ಹಾಕಿ, ಹೊಲದ ಬದುವಿನಲ್ಲಿ ಸಮಾಧಿ ಮಾಡಿ, ಊರಿಗೆಲ್ಲ ಹುಗ್ಗಿ ಬಡಿಸಿದ್ದ. ಸುಭಾಸನೂ ಎರಡು ಸಲ ಹಾಕಿಸಿಕೊಂಡಿದ್ದ. ಅಂಥ ನಾಯಿ ಈಗ ಬಾಲ ಅಲ್ಲಾಡಿಸುತ್ತ ನಿಂತಿದೆ!

ಸುದ್ದಿ ಅವನಿಗಿಂತ ಮೊದಲು ಮನೆ ಮುಟ್ಟಿತು. ಪಕ್ಕದ ಮನೆಯ ಜಮೀಲಾಬಿ ತನ್ನ ಆಡುಗಳನ್ನು ಒಳಗೆ ದಬ್ಬಿ, ಗೋಡೆಯ ಮೇಲಿಂದ ಇಣುಕುತ್ತಿದ್ದಳು. ಶಾಂಭವಿ ಬಾಗಿಲು ಹಾಕಿಕೊಂಡಿದ್ದಳು.

“ನಾಯಿ ತರ್ರಿ ಅಂದ್ರ ದೆವ್ವಾ ತಂದೀರಲ್ರಿ! ಅದರ ದಿವಸದ ಹುಗ್ಗಿ ಉಂಡೀನಿ ನಾ!”

ಅಷ್ಟರಲ್ಲಿ ಈರಬಸಪ್ಪ ಧೋತರ ಎತ್ತಿ ಹಿಡಿದು ಓಡಿಬಂದ. ಮುಖ ಸುಣ್ಣ ಬಳಿದಂತಿತ್ತು. ಸುಭಾಸನನ್ನು ಗೋಡೆಯ ಮರೆಗೆ ಎಳೆದ.

“ಎಲ್ಲಿಂದ ತಂದ್ಯೋ ಇದನ್ನ?”

“ಹುಬ್ಬಳ್ಳಿಂದ್ರಿ.”

“ಅಷ್ಟು ದೊಡ್ಡ ಹುಬ್ಬಳ್ಳ್ಯಾಗ ನಿನಗ ಇದ ಸಿಕ್ತೇನಲೇ? ಅವ್ವ ನೋಡೂದ್ರೊಳಗ ವಾಪಸ್ ಬಿಟ್ಟು ಬಾ. ಇಲ್ಲಾಂದ್ರ ನಾಳಿಂದ ಅಂಗಡಿ ಮೆಟ್ಟಲಾ ಹತ್ತಬ್ಯಾಡ!”

ಆದರೆ ಮಲ್ಲಕ್ಕ ಕೋಲೂರುತ್ತ ಬಂದೇಬಿಟ್ಟಳು. ಅವಳಿಗೆ ಕಣ್ಣು ಮಂಜು. ನಾಯಿ ಅವಳ ಅಂಗೈ ನೆಕ್ಕಿತು. “ನನ್ನ ಬಂಗಾರಾ! ರಾಜಾ!” ಎಂದು ಮುದುಕಿ ಅದರ ಕೊರಳಿಗೆ ಬಿದ್ದಳು. ನೆರೆದವರೆಲ್ಲ ಕಣ್ಣೊರೆಸಿಕೊಂಡರು.

ಶಾಕೀರ ಮಾತ್ರ ತಲೆ ಕೆರೆದುಕೊಂಡ. “ಹಂಗಾರ ಸಮಾಧಿ ಒಳಗ ಯಾರದಾರ?”

ಯಾರೋ ಸಲಿಕೆ ತಂದರು. “ಅಗದು ನೋಡೂಣು ನಡೀರಿ!” ಎಂದು ಗುಂಪು ಹೊಲದ ಕಡೆ ತಿರುಗಿತು. ಈರಬಸಪ್ಪ ಎರಡೂ ಕೈ ಚಾಚಿ ಅಡ್ಡ ನಿಂತ.

“ಅಗೀಬ್ಯಾಡ್ರಪಾ! ಅದರಾಗ ಕೊಳತ ಉಳ್ಳಾಗಡ್ಡಿ ಅದಾವು!”

ಈರುಳ್ಳಿಯ ದಿವಸಕ್ಕೆ ಹುಗ್ಗಿ ಉಂಡಿದ್ದವನು ಸಲಿಕೆಯನ್ನು ಮೆಲ್ಲಗೆ ಕೆಳಗಿಟ್ಟ.

“ಮುದೀದು ಆಗಿತ್ತವ್ವಾ,” ಎಂದ ಅವನು ಕುಸಿದು ಕುಳಿತು. “ಮನಿತುಂಬ ಉಚ್ಚಿ ಹೊಯ್ತಿತ್ತು. ಹುಬ್ಬಳ್ಳ್ಯಾಗ ಆ ಕೇಂದ್ರದ ಗೇಟಿಗೆ ಕಟ್ಟಿ ಬಂದ್ನಿ. ನಿನಗ ಹೇಳಾಕ ಧೈರ್ಯ ಆಗಲಿಲ್ಲ.”

“ಸಮಾಧಿ ಮ್ಯಾಲೆ ಹಸರು ಚಿಗರ್ಯಾವು, ರಾಜಾ ಶಿವನ ಪಾದಾ ಸೇರ್ಯಾನ ಅಂತ ದಿನಾ ಊದಿನಕಡ್ಡಿ ಹಚ್ಚತಿದ್ನೆಲ್ಲೋ!” ಮಲ್ಲಕ್ಕ ಮಗನ ಕಡೆ ತಿರುಗಿದಳು. “ಉಳ್ಳಾಗಡ್ಡಿಗೆ ಹಚ್ಚಿದ್ನೇನೋ?”

ಇಷ್ಟೊಂದು ಮುದ್ದಿಗೆ ಸೋತ ನಾಯಿ ಅಷ್ಟರಲ್ಲಿ ಅಂಗಾತ ಹೊರಳಿ ನಾಲ್ಕೂ ಕಾಲು ಮೇಲೆತ್ತಿತು. ಗೋಡೆಯ ಮೇಲಿಂದ ಜಮೀಲಾಬಿ ಕಣ್ಣು ಕಿರಿದು ಮಾಡಿದಳು.

“ಸಾವಕಾರ್ರ, ನಿಮ್ಮ ರಾಜಾ ಗಂಡಲ್ಲೇನ್ರಿ? ಇದು ಹೆಣ್ಣು ನಾಯಿ ಐತಿ!”

ಇಡೀ ಓಣಿ ಒಟ್ಟಿಗೆ ಬಗ್ಗಿ ನೋಡಿತು. ಸುಭಾಸನೂ ನೋಡಿದ. ಹಲ್ಲನ್ನು ಬಿಟ್ಟರೆ ನಾಯಿಯ ಬೇರೇನನ್ನಾದರೂ ಅವನು ನೋಡಿದ್ದು ಅದೇ ಮೊದಲು.

ಈರಬಸಪ್ಪನ ಬಾಯಿ ಖಾಲಿ ಚೀಲದಂತೆ ತೆರೆದೇ ಉಳಿಯಿತು. ಆಮೇಲೆ ಗುಮಾಸ್ತನ ಕಡೆ ತಿರುಗಿದ. “ಬ್ಯಾರೆ ನಾಯಿ ತಂದು ನನ್ನ ಬಾಯಿ ಬಿಡಿಸಿದೇನಲೇ ಹಲಕಟ್ಟಾ!”

“ಅವನ್ನ ಯಾಕ ಬೈತಿ?” ಮಲ್ಲಕ್ಕ ಕೋಲು ಕುಟ್ಟಿದಳು. “ನಡಿ, ನನ್ನ ರಾಜಾನ್ನ ಕರ್ಕೊಂಡು ಬಾ. ಸುಭಾಸಾ, ನೀನೂ ಹೋಗು. ಇವನ ಮ್ಯಾಲೆ ನನಗ ನಂಬಿಕಿಲ್ಲ.”

ಮಾಲೀಕ, ಗುಮಾಸ್ತ ಇಬ್ಬರೂ ಅದೇ ಆಟೋದಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಹುಬ್ಬಳ್ಳಿಗೆ ಹೋದರು. ಕೇಂದ್ರದ ಹಿಂಭಾಗದ ನೆರಳಿನಲ್ಲಿ ರಾಜಾ ಮಲಗಿದ್ದ. ತನ್ನನ್ನು ಬಿಟ್ಟುಹೋದವನನ್ನು ಕಂಡು ಬಾಲ ಬಡಿಯತೊಡಗಿದ. ಈರಬಸಪ್ಪ ಮುಖ ಆಚೆ ತಿರುಗಿಸಿಕೊಂಡ.

ದೀಪ ಹಚ್ಚುವ ಹೊತ್ತಿಗೆ ರಾಜಾ ಮಲ್ಲಕ್ಕನ ಕಾಲ ಬಳಿ ಇದ್ದ. ಸುಭಾಸ ನಿಟ್ಟುಸಿರು ಬಿಟ್ಟು ಮನೆಗೆ ಬಂದ. ಹೆಣ್ಣು ನಾಯಿಯನ್ನು ಶಾಂಭವಿ ಆಗಲೇ ಒಳಗೆ ಕರೆದು ಹಾಲು-ರೊಟ್ಟಿ ಹಾಕಿದ್ದಳು. ಸಾವಕಾರನ ಸಿಟ್ಟು ನಾಕು ದಿನದ್ದು, ಇಳಿದೀತು ಎಂದುಕೊಳ್ಳುತ್ತ ಸುಭಾಸ ತಾಟಿನ ಮುಂದೆ ಕುಳಿತ. ಬಾಗಿಲು ಬಡಿದ ಸದ್ದಾಯಿತು.

ಹೊಸ್ತಿಲಲ್ಲಿ ಮಲ್ಲಕ್ಕ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ರಾಜಾನ ಹಗ್ಗ. ಹಿಂದೆ ಶಾಕೀರ, ತಲೆಯ ಮೇಲೆ ಅವಳ ಟ್ರಂಕು.

“ಆಯೀ… ಏನ್ರಿ ಇದು?”

“ಮುದೀದು ಆತಂದ್ರ ಒಯ್ದು ಕಟ್ಟಿ ಬರೂ ಮನ್ಯಾಗ ನನಗ ನಿದ್ದಿ ಹತ್ತೂದಿಲ್ಲಪಾ. ನೀ ಮುದೀದು ಅಂತ ಗೊತ್ತಿದ್ದೂ ತಂದು ಸಾಕಾಂವ. ಎಲ್ಲಿ ಹಾಸಲಿ, ನಮ್ಮಿಬ್ಬರ ಹಾಸಗಿ?”

ಸುಭಾಸನ ತುತ್ತು ಕೈಯಲ್ಲೇ ಉಳಿಯಿತು. ರಾಜಾ ಒಳಗೆ ನಡೆದು ಅವನ ತಾಟಿಗೆ ಮೂಗು ಹಚ್ಚಿದ. ಓಣಿಯ ತುದಿಯಿಂದ ಈರಬಸಪ್ಪನ ಕೂಗು ಹತ್ತಿರ ಹತ್ತಿರ ಬರತೊಡಗಿತು:

“ಲೇ ಸುಭಾಸಾ! ನಾಯಿ ಸಾಲಲಿಲ್ಲಂತ ನಮ್ಮವ್ವನ್ನೂ ದತ್ತು ತಗೊಂಡೇನಲೇ!”