ಬಾಳಿಕೆ ಬರುವ ಬೀಗರು

ಬೀಗದಣ್ಣನ ತಾಪತ್ರಯ ಶುರುವಾದದ್ದು ಒಬ್ಬ ಹೆಂಗಸಿನಿಂದ. ಆಕೆ ಕೆಟ್ಟುಹೋದ ಬೀಗವೊಂದನ್ನು ಕೈಯಲ್ಲಿ ಹಿಡಿದು, ಅವನ ಅಂಗಡಿಯ ಮೆಟ್ಟಿಲ ಮೇಲೆ ಬಂದು ನಿಂತಳು. ಬೀಗದಣ್ಣ ಕನ್ನಡಕ ಸರಿಮಾಡಿಕೊಂಡು "ಬನ್ನಿ" ಎನ್ನುವಷ್ಟರಲ್ಲಿ, ಆಕೆ ಫೋನಿನಲ್ಲಿ "ಹತ್ತಿರದ ಬೀಗದಂಗಡಿ" ಎಂದು ಹುಡುಕಿ, ಫೋನು ತೋರಿಸಿದ ದಾರಿಯಲ್ಲಿ ಬಸ್ಸು ಹತ್ತಿ ಊರಿನ ಆ ತುದಿಗೆ ಹೊರಟೇಹೋದಳು. ಹೋಗುವಾಗ, ಬಾಗಿಲಿಗೆ ಗುರುತಿಗೆಂದು ನೇತುಹಾಕಿದ್ದ ಮೊಳದುದ್ದದ ತಗಡಿನ ಕೀಲಿಕೈ ಆಕೆಯ ತಲೆಗೆ ಬಡಿಯಿತು. ತಲೆ ಸವರಿಕೊಂಡಳೇ ಹೊರತು ಮೇಲೆ ನೋಡಲಿಲ್ಲ.

ಇದನ್ನು ಪಕ್ಕದ ಮೆಡಿಕಲ್ ಷಾಪಿನವರು ನೋಡಿದರು. ಅವರು ನೋಡದ ಸಂಗತಿ ಆ ಬೀದಿಯಲ್ಲಿ ನಡೆದದ್ದೇ ಇಲ್ಲ.

"ಫೋನಲ್ಲಿ ಕಾಣದೇ ಇರೋನು ಕಣ್ಣೆದುರಿಗಿದ್ರೂ ಇಲ್ಲದ ಹಾಗೇನೇ ಬೀಗದಣ್ಣ," ಎಂದು ಗಾಯಕ್ಕೆ ಉಪ್ಪು ಸವರಿದರು. ಔಷಧಿ ಮಾರುವವರಾದ್ದರಿಂದ ಗಾಯ ಎಲ್ಲಿದೆಯೆಂದು ಅವರಿಗೆ ಸರಿಯಾಗಿ ಗೊತ್ತಿತ್ತು.

ಸಂಜೆ ಹೆಂಡತಿಯ ಮುಂದೆ ಇದನ್ನು ಹೇಳಿಕೊಂಡದ್ದು ಬೀಗದಣ್ಣ ಮಾಡಿದ ತಪ್ಪು. ಅವಳು ತಕ್ಷಣ ತನ್ನ ತಮ್ಮನನ್ನು ಕರೆಸಿದಳು. ಈ ಬಾಮೈದ ವರ್ಷಕ್ಕೊಂದು ಕಸುಬು ಹಿಡಿಯುವವನು. ಮೀನಿನ ತೊಟ್ಟಿ ಮಾರಿದ್ದ. ಈಜು ಬಾರದೆಯೇ ಈಜು ಕಲಿಸಿದ್ದ. ಈ ವರ್ಷ ಸರ್ಚ್ ಮಾರ್ಕೆಟಿಂಗ್.

"ಭಾವ, ಅಂಗಡಿ ಈಗ ಬೀದೀಲಿರೋದಲ್ಲ, ಜನರ ಹುಡುಕಾಟದಲ್ಲಿರೋದು. ಅವರು ಯಾವ ಪದ ಒತ್ತುತ್ತಾರೋ ಆ ಪದದೊಳಗೆ ನಾವು ಹೋಗಿ ಕೂತಿರಬೇಕು. ನನಗೆ ಬಿಡಿ."

ಬೀಗದಣ್ಣ ಬಿಟ್ಟ.

ಮರುದಿನ ಷಟರ್ ಪೂರ್ತಿ ಮೇಲೆ ಹೋಗುವ ಮೊದಲೇ ಫೋನು ಬಡಿದುಕೊಂಡಿತು.

"ನಂಬಿಕಸ್ಥ ಬೀಗರು ಸಿಗ್ತಾರೆ ಅಂತ ನೋಡಿದೆ. ನಿಜವೇ?" ಎಂದಿತು ಒಂದು ದನಿ. ಪಾಠ ಹೇಳಿ ನಿವೃತ್ತರಾದ ಮೇಷ್ಟರ ದನಿಯಂತಿತ್ತು.

ಬೀಗಕ್ಕೂ ಬಹುವಚನ ಕೊಟ್ಟು ಮಾತಾಡುವ ಗಿರಾಕಿಯನ್ನು ಬೀಗದಣ್ಣ ಇದೇ ಮೊದಲು ಕಂಡದ್ದು. ಎದೆ ತುಂಬಿ ಬಂತು. "ನಿಜ ಸಾರ್. ನಮ್ಮ ತಂದೆ ಕಾಲದಿಂದ ಇದೇ ಕೆಲಸ."

"ಸ್ವಭಾವ ಹೇಗೆ?"

"ಹೊಸದರಲ್ಲಿ ಸ್ವಲ್ಪ ಬಿಗಿ. ಆಗಾಗ ಎಣ್ಣೆ ಬಿಡ್ತಾ ಇದ್ರೆ ಹೇಳಿದ ಹಾಗೆ ಕೇಳುತ್ತೆ."

ಆ ಕಡೆಯವರು ದನಿ ತಗ್ಗಿಸಿದರು. "ಬಾಯಿ?"

"ಒಂದ್ಸಲ ಮುಚ್ಚಿದ್ರೆ ಮುಗೀತು ಸಾರ್. ಸುತ್ತಿಗೇಲಿ ಹೊಡೆದ್ರೂ ಬಿಡಲ್ಲ."

"ಅಂಥವರನ್ನೇ ಹುಡುಕ್ತಿದ್ದೆ," ಎಂದಿತು ದನಿ. "ಹಿರಿಮಗನ ಕಡೆ ಬೀಗರು ಬಾಯಿ ಮುಚ್ಚೋದೇ ಇಲ್ಲ. ಮನೆಯವರನ್ನ ಕರ್ಕೊಂಡು ಈಗಲೇ ಬಂದೆ."

ಒಂದು ಬೀಗ ಕೊಳ್ಳಲು ಮನೆಯವರೆಲ್ಲ ಯಾಕೆ ಎಂದು ಬೀಗದಣ್ಣ ಯೋಚಿಸುತ್ತಿರುವಾಗಲೇ ಮೇಷ್ಟರು, ಅವರ ಹೆಂಡತಿ, ಇಸ್ತ್ರಿ ಮುರಿಯದಂತೆ ಕೈಕಾಲು ದೂರವಿಟ್ಟು ನಡೆಯುತ್ತಿದ್ದ ಕಿರಿಮಗ, ಮೂವರೂ ಬಂದರು. ಅವರ ಹಿಂದೆ ಇನ್ನೊಂದು ಕುಟುಂಬ. ಅದರ ಹಿಂದೆ ಮತ್ತೊಂದು. ಮೇಷ್ಟರ ಹೆಂಡತಿ ಅಂಗಡಿಯನ್ನೆಲ್ಲ ಕಣ್ಣಲ್ಲೇ ಅಳೆದು ಕೇಳಿದರು: "ನಿಮಗೆ ಮಕ್ಕಳೆಷ್ಟು?"

"ಒಬ್ಬಳೇ ಮಗಳು. ಲ್ಯಾಬಲ್ಲಿ ರಕ್ತ ಪರೀಕ್ಷೆ ಮಾಡ್ತಾಳೆ. ಯಾವ ಸೈಜಿಂದು ಬೇಕಿತ್ತಮ್ಮ?"

ಆ ಮಾತು ಕೇಳಿ ಆಕೆ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರು.

ಗುಟ್ಟು ಒಡೆದದ್ದು ಎದುರಿನ ಕ್ಷೌರದಂಗಡಿಯವನಿಂದ. ಅವನು ಗಿರಾಕಿಯ ಅರ್ಧ ಮುಖದ ನೊರೆಯನ್ನು ಹಾಗೇ ಬಿಟ್ಟು ಓಡಿಬಂದು, ಫೋನು ನೋಡಿ ಗಟ್ಟಿಯಾಗಿ ಓದಿದ: "ನಂಬಿಕಸ್ಥ ಬೀಗರು. ತುಕ್ಕು ಹಿಡಿಯದ, ಬಾಳಿಕೆ ಬರುವ ಬೀಗರು. ಹಳೆಯ ಬೀಗರನ್ನು ಕೊಟ್ಟು ಹೊಸ ಬೀಗರನ್ನು ಒಯ್ಯಿರಿ. ಬೀಗರು ಕೈಕೊಟ್ಟರೆ ಕೂಡಲೇ ತಿಳಿಸಿ, ಮನೆಗೇ ಬಂದು ಒಡೆದು ಕೊಡುತ್ತೇವೆ."

ಬೀಗದಣ್ಣನ ಮುಖ ಉಪ್ಪುಕಾಗದದಲ್ಲಿ ಉಜ್ಜಿದ ತಗಡಿನಂತಾಯಿತು. ಬಾಮೈದನಿಗೆ ಫೋನು ಮಾಡಿದ.

"ಹೌದು ಭಾವ. 'ಬೀಗ' ಅಂತ ಹುಡುಕೋರು ಬೆರಳೆಣಿಕೆ ಜನ. 'ಬೀಗರು' ಅಂತ ಹುಡುಕೋರು ಲೆಕ್ಕವಿಲ್ಲದಷ್ಟು. ಒಂದು 'ರು' ಸೇರಿಸಿದೆ, ಅಷ್ಟೆ. ಈಗ ಊರಿಗೆಲ್ಲ ನೀವೇ ನಂಬರ್ ಒನ್."

"ತೆಗೆಯೋ ಅದನ್ನ."

"ಹತ್ತೋದು ಸುಲಭ, ಇಳಿಯೋಕೆ ಟೈಮ್ ಬೇಕು. ಅಲ್ಲ ಭಾವ, ಜನ ಬರ್ತಿದಾರೋ ಇಲ್ವೋ?"

"ಬರ್ತಿದಾರೆ."

"ಮತ್ತೆ?"

ಈ 'ಮತ್ತೆ'ಗೆ ಉತ್ತರ ಕೊಡಬಲ್ಲ ಅಂಗಡಿಯವನು ಇನ್ನೂ ಹುಟ್ಟಿಲ್ಲ. ಬೀಗದಣ್ಣ ಫೋನಿಟ್ಟ.

ಅಂಗಡಿಯಲ್ಲಿ ಸಿಗದ ಬೀಗರು ಸಾಲಿನಲ್ಲಾದರೂ ಸಿಕ್ಕಾರೆಂದು ಬಂದವರು ಯಾರೂ ಕದಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಾಲು ಬೀದಿಯ ತಿರುವು ದಾಟಿತು. ಮೆಡಿಕಲ್ ಷಾಪಿನವರು ಪರೋಪಕಾರಕ್ಕೆಂದು ಬೆಂಚು ಹಾಕಿಸಿ, ತಲೆನೋವಿನ ಮಾತ್ರೆ ಮಾರತೊಡಗಿದರು. ಕ್ಷೌರದಂಗಡಿಯವನು ಸಾಲಿನಲ್ಲಿದ್ದ ಮದುವೆ ಗಂಡುಗಳನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿಕೊಂಡು ಹೋಗಿ, ಹೊಳೆಯುವ ಹಾಗೆ ಮಾಡಿ ವಾಪಸು ತಂದು ಕೂರಿಸಿದ. ಬೀದಿಯಲ್ಲಿ ವ್ಯಾಪಾರ ಆಗದೇ ಇದ್ದದ್ದು ಬೀಗದಂಗಡಿಯಲ್ಲಿ ಮಾತ್ರ.

ನಡುವೆ ದಪ್ಪ ಮೀಸೆಯವನೊಬ್ಬ ಬಗ್ಗಿ ಕಿವಿಯಲ್ಲಿ ಕೇಳಿದ: "ಕೈಕೊಟ್ಟ ಬೀಗರನ್ನ ಮನೆಗೇ ಬಂದು ಒಡೀತೀರಂತಲ್ಲ. ಬರಿಗೈಯೋ, ಸಾಮಾನು ತರ್ತೀರೋ?"

"ಸುತ್ತಿಗೆ, ಉಳಿ," ಎಂದ ಬೀಗದಣ್ಣ, ಯೋಚಿಸುವ ಶಕ್ತಿ ಕಳೆದುಕೊಂಡು.

"ಅಷ್ಟೊಂದು ಬೇಡ. ಹೆದರಿಸಿದ್ರೆ ಸಾಕು."

ಆ ದಿನದ ಏಕೈಕ ನಿಜವಾದ ಗಿರಾಕಿ ಬಂದದ್ದು ಆಗಲೇ. ಹಿಂದಿನ ಬೀದಿಯ ಅಜ್ಜಿ ಏದುಸಿರು ಬಿಡುತ್ತ ಓಡಿಬಂದಳು. "ಒಲೆ ಮೇಲೆ ಹಾಲಿಟ್ಟು ಹೊರಗೆ ಬಂದೆ, ಬಾಗಿಲು ಹಾಕ್ಕೊಂಡುಬಿಡ್ತು. ಬೇಗ ಬಾರಪ್ಪ."

ಬೀಗದಣ್ಣನಿಗೆ ಹೋದ ಜೀವ ಬಂದಂತಾಯಿತು. ಚೀಲ ಹೆಗಲಿಗೇರಿಸಿ ಜನರನ್ನು ಸರಿಸುತ್ತ ಹೊರಟ. ಅಷ್ಟರಲ್ಲಿ ಸಾಲಿನವರು ಅಜ್ಜಿಯನ್ನು ಹಿಡಿದುಕೊಂಡಿದ್ದರು.

"ಸಾಲಲ್ಲಿ ಬನ್ನಿ ಅಜ್ಜಿ. ನಿಮ್ಮದು ಗಂಡಿನ ಕಡೆಯೋ, ಹೆಣ್ಣಿನ ಕಡೆಯೋ?"

"ಮೊಮ್ಮಗ ಒಬ್ಬನಿದಾನೆ," ಎಂದಳು ಅಜ್ಜಿ, ಕೇಳಿದ್ದಕ್ಕೆ ಹೇಳಬೇಕಲ್ಲ ಎಂದು.

ಮೂರು ಕಡೆಯಿಂದ ಮೂರು ಫೋಟೋ ಅವಳ ಮೂಗಿನ ಮುಂದೆ ಬಂದವು.

"ಅಜ್ಜಿ, ಹಾಲು," ಎಂದ ಬೀಗದಣ್ಣ.

"ಅದಾಗಲೇ ಉಕ್ಕಿರುತ್ತೆ ಬಿಡು," ಎಂದು ಅಜ್ಜಿ ಬೆಂಚಿನ ಮೇಲೆ ಜಾಗ ಮಾಡಿಕೊಂಡು ಕೂತಳು. "ನೀನು ಹೋಗಿ ಬಾಗಿಲು ತೆಗೆದು ಒಲೆ ಆರಿಸಿ ಬಾ. ಈ ಹುಡುಗಿ ಮೂಗು ಚೆನ್ನಾಗಿದೆ."

ಬೀಗದಣ್ಣ ಹೋಗಿ ಬಾಗಿಲು ತೆಗೆದು, ಒಲೆ ಆರಿಸಿ, ಸೀದ ಪಾತ್ರೆಯನ್ನೂ ನೆನೆಹಾಕಿ ಬಂದ. ಅಜ್ಜಿ ಹುಡುಗಿಯ ಮನೆತನ ವಿಚಾರಿಸುತ್ತಿದ್ದವಳು ಕೂಲಿಯ ಮಾತೆತ್ತಲಿಲ್ಲ. ಇಂಥ ಶುಭವೇಳೆಯಲ್ಲಿ ಅವನಿಗೂ ಕೇಳಲು ಬಾಯಿ ಬರಲಿಲ್ಲ.

ಸಂಜೆ ಸಾಲು ಕರಗಿತು. ಬೀಗದಣ್ಣ ಷಟರನ್ನು ಅರ್ಧ ಎಳೆದು, ಇನ್ನೊಬ್ಬರು "ಬೀಗರು" ಎಂದರೆ ಸುತ್ತಿಗೆಯನ್ನೇ ಬಳಸುವುದೆಂದು ನಿಶ್ಚಯಿಸಿಕೊಂಡಿದ್ದ. ಆಗ ಅಂಗಡಿಯ ಮುಂದೆ ಒಂದು ದೊಡ್ಡ ಕಾರು ನಿಂತಿತು. ಅಚ್ಚುಕಟ್ಟಾದ ಗಂಡಹೆಂಡತಿ ಇಳಿದರು.

"ಬೀಗವೋ, ಬೀಗರೋ? ಬಿಡಿಸಿ ಹೇಳಿ," ಎಂದ ಬೀಗದಣ್ಣ ಒಳಗಿನಿಂದಲೇ.

"ನಮ್ಮದೊಂದು ಲಾಡ್ಜು ಏಳ್ತಾ ಇದೆ. ಮೂರು ಮಹಡಿ," ಎಂದರು ಬಂದವರು. "ಬಾಗಿಲುಗಳೆಲ್ಲ ಬೋಳಾಗಿ ನಿಂತಿವೆ. ಬೀಗ ನೋಡೋಣ ಅಂತ."

ಷಟರು ಅಷ್ಟು ಬೇಗ ಮೇಲೆ ಹೋದದ್ದನ್ನು ಆ ಬೀದಿ ಎಂದೂ ಕಂಡಿರಲಿಲ್ಲ. ಬೀಗದಣ್ಣ ಅಟ್ಟದಿಂದ ತಂದೆಯ ಕಾಲದ ಮಾದರಿಗಳನ್ನೂ ಇಳಿಸಿದ. ಹಿತ್ತಾಳೆಯದರ ತೂಕ ತೋರಿಸಿದ, ಬೀಗವನ್ನು ಕಿವಿಯ ಹತ್ತಿರ ಹಿಡಿದು ಒಳಗೆ ಲಿವರು ಬೀಳುವ ಸದ್ದು ಕೇಳಿಸಿದ. ಲಾಡ್ಜಿನವರು ಎಲ್ಲಕ್ಕೂ ತಲೆದೂಗಿದರು. "ಒಂದು ಬಾಗಿಲನ್ನೂ ಬಿಡಬೇಡಿ. ಬಚ್ಚಲಮನೆಗೂ ಇದೇ ಇರಲಿ." ಅವರ ಹೆಂಡತಿ ಅಂಗಡಿಯ ಹಿಂದಿದ್ದ ಮನೆಯೊಳಗೆ ಕಾಫಿಗೆಂದು ಹೋದವರು ಬಹಳ ಹೊತ್ತಾದರೂ ಬರಲಿಲ್ಲ. ಬೀಗದಣ್ಣನಿಗೆ ಬಾಮೈದನ ಮೇಲೆ ಹುಟ್ಟಿನಿಂದ ಇಲ್ಲದ ಪ್ರೀತಿ ಹುಟ್ಟಿತು.

"ಹಾಗಾದ್ರೆ ಬಿಲ್ ಯಾರ ಹೆಸರಿಗೆ ಬರೀಲಿ ಸಾರ್?"

"ಬಿಲ್ಲೇ?" ಲಾಡ್ಜಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ತಮಾಷೆ ಚೆನ್ನಾಗಿ ಮಾಡ್ತೀರಿ ನೀವು."

ಮನೆಯ ಕಡೆಯ ಪರದೆ ಸರಿಯಿತು. ಲಾಡ್ಜಿನವರ ಹೆಂಡತಿಯೂ ಬೀಗದಣ್ಣನ ಹೆಂಡತಿಯೂ ಹಳೆಯ ಗೆಳತಿಯರಂತೆ ಕೈಹಿಡಿದು ಬಂದರು. ಹಿಂದೆ ಲ್ಯಾಬಿನ ಬಿಳಿ ಕೋಟು ತೆಗೆಯದ ಮಗಳು. ಅವಳ ಹಿಂದೆ, ಹಿತ್ತಲ ಬಾಗಿಲಿಂದ ಬಂದಿರಬೇಕು, ಉದ್ದಕ್ಕೆ ಬೆಳೆದ ಒಬ್ಬ ಹುಡುಗ.

"ಅಪ್ಪ, ಇವರ ವಿಷಯ ಹೇಳೋಕೆ ಇಷ್ಟು ದಿನ ಹೆದರ್ತಿದ್ದೆ," ಎಂದಳು ಮಗಳು. "ಇವತ್ತು ಫೋನಲ್ಲಿ ನೋಡಿದ್ರೆ, ಬೀಗರು ಬೇಕು ಅಂತ ನೀವೇ ಊರಿಗೆಲ್ಲ ಹೇಳ್ತಿದೀರ. ಅದಕ್ಕೇ ಅತ್ತೆ ಮಾವನ್ನ ಬರೋಕೆ ಹೇಳಿದೆ."

ಅವಳ ಮುಖದಲ್ಲಿದ್ದ ಸಂತೋಷ ನೋಡಿ ಬೀಗದಣ್ಣನ ಕಣ್ಣು ಒದ್ದೆಯಾಯಿತು. ಹುಡುಗ ಒಳ್ಳೆಯವನಂತೆಯೇ ಕಂಡ. ಆದರೂ ಎದೆಯೊಳಗೆ ಮೂರು ಮಹಡಿಯ ಬಾಗಿಲುಗಳು ಒಂದೊಂದಾಗಿ ದಡದಡ ಮುಚ್ಚಿಕೊಳ್ಳುತ್ತಿದ್ದವು.

"ಮನೆಯವರೇ ಇರುವಾಗ ಹೊರಗಿನವರಿಗೆ ಯಾಕೆ ದುಡ್ಡು ಸುರಿಯೋದು ಅಂತ ಇಲ್ಲಿಗೇ ಬಂದ್ವಿ," ಎಂದು ಲಾಡ್ಜಿನವರು ಅವನ ಹೆಗಲ ಮೇಲೆ ಕೈಯಿಟ್ಟರು. "ಬೀಗರು ಬೀಗರ ಹತ್ರ ಬೀಗಕ್ಕೆ ದುಡ್ಡು ತಗೊಂಡ್ರು ಅಂದ್ರೆ ನಾಲ್ಕು ಜನ ನಗಲ್ವಾ?"

ಬೀದಿಯ ಜನ ಆಗಲೇ ಬಾಗಿಲಲ್ಲಿ ಸೇರಿ, ಕೇಳದೆಯೇ ನಗುತ್ತಿದ್ದರು. ಬೀಗದಣ್ಣನೂ ನಕ್ಕ. ನಗದೆ ಬೇರೆ ದಾರಿಯಿರಲಿಲ್ಲ.

ಲಾಡ್ಜಿನವರು ಸಂಬಂಧಕ್ಕೆ ಬೆಲೆ ಕೊಡುವವರು. ಕಾರು ಹತ್ತುವ ಮೊದಲು ಹೊಸ ಬೀಗರ ಅಂಗಡಿಗೆ ತಮ್ಮಿಂದಲೂ ಏನಾದರೂ ಉಪಕಾರವಾಗಲೆಂದು ಫೋನು ತೆಗೆದು, ಐದು ನಕ್ಷತ್ರ ಒತ್ತಿ, ಕೆಳಗೆ ನಾಲ್ಕು ಮಾತು ಬರೆದರು: "ತುಂಬ ಒಳ್ಳೆಯ ಬೀಗರು. ಬೀಗ ಪುಕ್ಕಟೆ."

ಕಾರು ತಿರುವು ದಾಟುವ ಮೊದಲೇ ಅಂಗಡಿಯ ಫೋನು ಬಡಿದುಕೊಳ್ಳತೊಡಗಿತು.